ಲಿವರ್ ಆಕ್ಷನ್ ರೈಫಲ್‌ಗೆ ಪೀಪ್ ಸೈಟ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಲಿವರ್ ಆಕ್ಷನ್ ರೈಫಲ್, ಅಂದರೆ ಕೆಳಗಿನ ಲಿವರ್ ಎಳೆದು ತೋಟಾ ತುಂಬುವ ರೈಫಲ್, ಇಟ್ಟವರು ಕಡಿಮೆ. ಆದರೆ ಅದರ ಬಗ್ಗೆ ಕೇಳುವವರು ಕಡಿಮೆ ಇಲ್ಲ. ಮುಧೋಳ, ಜಮಖಂಡಿ, ರಾಮದುರ್ಗ ಸಂಸ್ಥಾನಗಳಿದ್ದ ಸೀಮೆ ಇದು. ಹಳೇ ವಾಡೆಯಲ್ಲೊಂದು ವಿಂಚೆಸ್ಟರ್ ಕಂಪನಿಯ ರೈಫಲ್ ಅಜ್ಜನಿಂದ ಮೊಮ್ಮಗನ ಲೈಸೆನ್ಸಿಗೆ ಬಂದಿರಬಹುದು. ಇನ್ನು ಕೆಲವರ ಮಕ್ಕಳು ಅಮೆರಿಕದಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಮಾರ್ಲಿನ್ ಕಂಪನಿಯದನ್ನು ಕೊಂಡು, ರಾತ್ರಿ ವಿಡಿಯೋ ಕಾಲ್ ಮಾಡಿ, "ಕಾಕಾ, ಇದಕ್ಕ ಯಾವ ಸೈಟ್ ಹಾಕಸ್ಲಿ?" ಅಂತ ಕೇಳುತ್ತಾರೆ. ಸೈಟ್ ಅಂದರೆ ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ಸಾಧನ. ಇಬ್ಬರಿಗೂ ನಾನು ಹೇಳುವುದು ಒಂದೇ. ಕ್ಯಾಟಲಾಗ್ ಆಮೇಲೆ ನೋಡಿ. ಮೊದಲು ಬಂದೂಕಿನ ಬೆನ್ನು, ಅಂದರೆ ಸೈಟ್ ಕೂರುವ ಮೇಲ್ಭಾಗ, ನೋಡಿ, ಆಮೇಲೆ ನಿಮ್ಮ ಕಣ್ಣು, ಆಮೇಲೆ ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟ್. ಈ ಮೂರು ಗೊತ್ತಾದರೆ ಯಾವ ಕಂಪನಿಯದು ಅನ್ನುವುದು ಕೊನೆಯ ಮಾತು.

ಪೀಪ್ ಸೈಟ್ ಅಂದರೆ ಏನು? ಮಾಮೂಲಿ ಸೈಟ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಸೈಟ್‌ನಲ್ಲಿ ನಳಿಗೆಯ ಮೇಲೆ ವಿ ಅಥವಾ ಯು ಆಕಾರದ ಕಚ್ಚು ಇರುತ್ತದೆ. ಆ ಕಚ್ಚು, ತುದಿಯ ಸೈಟ್, ದೂರದ ಗುರಿ, ಈ ಮೂರನ್ನೂ ಕಣ್ಣು ಒಟ್ಟಿಗೆ ಹೊಂದಿಸಬೇಕು. ಕಣ್ಣಿಗೆ ಒಂದು ಹೊತ್ತಿಗೆ ಒಂದೇ ದೂರ ಸ್ಪಷ್ಟ. ಹಾಗಾಗಿ ಮೂರರಲ್ಲಿ ಎರಡು ಯಾವಾಗಲೂ ಮಸುಕು.

ಪೀಪ್ ಸೈಟ್‌ನಲ್ಲಿ ಕಚ್ಚಿನ ಬದಲು ಒಂದು ತೂತು. ಅದು ಕಣ್ಣಿಗೆ ಹತ್ತಿರ ಕೂರುತ್ತದೆ. ಅದನ್ನು ನೋಡಬಾರದು, ಅದರೊಳಗಿಂದ ನೋಡಬೇಕು. ತುದಿಯ ಸೈಟನ್ನು ಗುರಿಯ ಮೇಲೆ ಇಡಿ, ಅಷ್ಟೇ. ತೂತಿನ ನಡುವಿಗೆ ತರುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡುತ್ತದೆ. ಹೊಸಬರು ಇದನ್ನು ನಂಬುವುದಿಲ್ಲ. ತೂತಿನ ಅಂಚನ್ನೇ ನೋಡುತ್ತಾ ಕೂರುತ್ತಾರೆ, ಗುಂಡು ಚದುರುತ್ತದೆ.

ಎರಡನೇ ಲಾಭ ಎರಡು ಸೈಟ್‌ಗಳ ನಡುವಿನ ಅಂತರ. 20 ಇಂಚು ನಳಿಗೆಯ ಕಾರ್ಬೈನ್‌ನಲ್ಲಿ (ಗಿಡ್ಡ ರೈಫಲ್) ನಳಿಗೆ ಮೇಲಿನ ಕಚ್ಚಿನಿಂದ ತುದಿಯ ಸೈಟ್‌ಗೆ ಸುಮಾರು 40 ಸೆಂಟಿಮೀಟರ್ ಇರುತ್ತದೆ. ಪೀಪ್ ಸೈಟ್ ಹಿಂದಕ್ಕೆ ಹೋದಾಗ ಅದು ಸುಮಾರು 60 ಆಗುತ್ತದೆ. ಸೈಟ್ ಹೊಂದಿಸುವುದರಲ್ಲಿ 1 ಮಿಲಿಮೀಟರ್ ತಪ್ಪಿದರೆ 40 ಸೆಂಟಿಮೀಟರ್ ಅಂತರದಲ್ಲಿ 50 ಮೀಟರ್ ದೂರಕ್ಕೆ ಗುಂಡು 12.5 ಸೆಂಟಿಮೀಟರ್ ಆಚೆ ಬೀಳುತ್ತದೆ. 60 ಸೆಂಟಿಮೀಟರ್ ಅಂತರದಲ್ಲಿ ಅದೇ ತಪ್ಪಿಗೆ 8.3 ಸೆಂಟಿಮೀಟರ್. ಕೈ ಅದೇ, ಕಣ್ಣು ಅದೇ, ತಪ್ಪಿನ ದಂಡ ಮಾತ್ರ ಕಡಿಮೆ.

ಇದು ಹೊಸ ಫ್ಯಾಷನ್ನಾ?

ಅಲ್ಲ. ವಿಲಿಯಂ ಲೈಮನ್ ಅಮೆರಿಕದಲ್ಲಿ ತನ್ನ ಪೀಪ್ ಸೈಟ್‌ಗೆ ಪೇಟೆಂಟ್ ಪಡೆದದ್ದು 1879ರಲ್ಲಿ. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1894 (ಚಿಕ್ಕದಾಗಿ 94) ಬರುವ ಹೊತ್ತಿಗೆ ಈ ಸೈಟ್ ಆಗಲೇ ಮಾರುಕಟ್ಟೆಯಲ್ಲಿತ್ತು. ಲಿವರ್ ಆಕ್ಷನ್ ಮತ್ತು ಪೀಪ್ ಸೈಟ್ ಜೊತೆಜೊತೆಗೇ ಬೆಳೆದವು. ಅದಕ್ಕೇ ನೋಡಲೂ ಒಂದಕ್ಕೊಂದು ಒಪ್ಪುತ್ತವೆ.

ನಾನು ಸೈನ್ಯದಲ್ಲಿದ್ದೆ. ನನಗೆ ಇದನ್ನು ಹೊಸದಾಗಿ ಕಲಿಯಬೇಕಾ?

ಬೇಡ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರು ನಮ್ಮದು. ಬೆಳಗಾವಿಯಲ್ಲಿ ನಿವೃತ್ತ ಯೋಧರಿಗೆ ಬರವಿಲ್ಲ. ಎಸ್‌ಎಲ್‌ಆರ್ ಅಥವಾ ಇನ್ಸಾಸ್ ಹಿಡಿದಿದ್ದರೆ ನೀವು ಪೀಪ್ ಸೈಟ್‌ನಲ್ಲೇ ಗುರಿ ಇಟ್ಟಿದ್ದೀರಿ. ಬೇರೆ ಇರುವುದು ಬಂದೂಕಿನ ಮೈ. ಲಿವರ್ ಆಕ್ಷನ್‌ನ ಹಿಡಿ ಕೆಳಗೆ ಬಾಗಿರುತ್ತದೆ, ಕೆನ್ನೆ ಕೂರುವ ಜಾಗ ತಗ್ಗು. ಕೆನ್ನೆಯನ್ನು ಪ್ರತಿಸಲ ಒಂದೇ ಜಾಗಕ್ಕೆ ತರುವುದನ್ನು ಅಭ್ಯಾಸ ಮಾಡಿಕೊಳ್ಳಿ ಸಾಕು.

ಸ್ಕೋಪ್ (ದುರ್ಬೀನು) ಹಾಕಿದರೆ ಮುಗೀತಲ್ವಾ? ಈ ತೂತಿನ ಗೊಡವೆ ಯಾಕೆ?

ಹಳೇ ವಿಂಚೆಸ್ಟರ್ 94ರಲ್ಲಿ ಖಾಲಿ ತೋಟಾ ಮೇಲಕ್ಕೆ ಹಾರುತ್ತದೆ. ಸ್ಕೋಪ್ ನಡುವೆ ಕೂತರೆ ಖಾಲಿ ತೋಟಾ ಅದಕ್ಕೆ ಬಡಿಯುತ್ತದೆ. ತೋಟಾವನ್ನು ಓರೆಯಾಗಿ ಪಕ್ಕಕ್ಕೆ ಎಸೆಯುವ ಮಾದರಿ ಬಂದದ್ದು 1980ರ ದಶಕದಲ್ಲಿ. ಮಾರ್ಲಿನ್ ಮಾತ್ರ 1889ರ ಮಾದರಿಯಿಂದಲೂ ಪಕ್ಕಕ್ಕೆ ಎಸೆಯುತ್ತದೆ, ಅದರ ಬೆನ್ನು ಗಟ್ಟಿ, ಸಪಾಟು. ಮಾರ್ಲಿನ್ 336ಕ್ಕೆ ಸ್ಕೋಪ್ ಚೆನ್ನಾಗಿಯೇ ಕೂರುತ್ತದೆ.

ಆದರೂ ನನ್ನ ಒಲವು ಪೀಪ್ ಕಡೆಗೇ. ಈ ರೈಫಲ್‌ನ ಸೊಗಸು ಅದರ ತೆಳ್ಳನೆ ಮೈಯಲ್ಲಿದೆ. ನಡುವೆ ಹಿಡಿದರೆ ಒಂದೇ ಕೈಯಲ್ಲಿ ತೂಗುತ್ತದೆ. ಅಲ್ಲಿ ಸ್ಕೋಪ್ ಕೂರಿಸಿದರೆ ಕೈ ಹಿಡಿಯುವ ಜಾಗವೇ ಹೋಗುತ್ತದೆ. ಹ್ಯಾಮರ್ ಎಳೆಯಲು ಹೆಬ್ಬೆರಳು ಸ್ಕೋಪ್ ಕೆಳಗೆ ತೂರಬೇಕು. ಕೆನ್ನೆ ಎತ್ತಬೇಕು. 100 ಮೀಟರ್ ಒಳಗಿನ ಕೆಲಸಕ್ಕೆ ಇಷ್ಟೆಲ್ಲ ಕೊಟ್ಟು ಪಡೆಯುವುದು ಸ್ವಲ್ಪವೇ.

ನನಗೆ ಐವತ್ತು ದಾಟಿದೆ. ತುದಿಯ ಸೈಟ್ ಮಸುಕಾಗಿ ಕಾಣುತ್ತದೆ. ಪೀಪ್ ಸೈಟ್ ಸಹಾಯ ಮಾಡುತ್ತದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನಾನು ಮನಸ್ಸಿಟ್ಟು ಉತ್ತರಿಸುವುದೂ ಇದನ್ನೇ. ಎಷ್ಟೋ ಜನ ಕಣ್ಣು ಸೋತಿತು ಅಂತ ಬಂದೂಕು ಗೂಟಕ್ಕೆ ತೂಗುಹಾಕುತ್ತಾರೆ. ನಿಜವಾಗಿ ಬೇಕಿದ್ದದ್ದು ಒಂದು ಸಣ್ಣ ತೂತು.

ವಯಸ್ಸಾದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ. ಹತ್ತಿರಕ್ಕೂ ದೂರಕ್ಕೂ ಬೇಗ ಬದಲಾಗುವುದಿಲ್ಲ. ತೂತು ಕಣ್ಣಿನ ಪಾಪೆಗಿಂತ ಸಣ್ಣದಿದ್ದರೆ ಬೆಳಕಿನ ಅಂಚಿನ ಕಿರಣಗಳು ಕತ್ತರಿಸಿಹೋಗುತ್ತವೆ. ಆಗ ತುದಿಯ ಸೈಟೂ ಗುರಿಯೂ ಎರಡೂ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಕಣ್ಣಿನ ಡಾಕ್ಟರ್ ಸಣ್ಣ ತೂತಿನ ತಟ್ಟೆ ಹಿಡಿಸಿ ಅಕ್ಷರ ಓದಿಸುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ.

ಮನೆಯಲ್ಲೇ ಪರೀಕ್ಷೆ ಮಾಡಿ. ಲಗ್ನಪತ್ರಿಕೆಯ ದಪ್ಪ ಕಾಗದದ ತುಂಡು ತೆಗೆದುಕೊಳ್ಳಿ. ಹೊಲಿಗೆಯ ದಬ್ಬಳದಿಂದ ಒಂದು ತೂತು ಮಾಡಿ, ಸುಮಾರು 1.5 ಮಿಲಿಮೀಟರ್. ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ದೊಡ್ಡದು. ಅಂಗಳಕ್ಕೆ ಬನ್ನಿ. ಒಂದು ಕೈಯಲ್ಲಿ ಪೆನ್ನನ್ನು ತೋಳು ಚಾಚಿ ನೇರವಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಕಾಗದವನ್ನು ಕಣ್ಣಿನ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಪೆನ್ನಿನ ತುದಿಯನ್ನೂ ಆಚೆ ಕಾಣುವ ವಿದ್ಯುತ್ ಕಂಬವನ್ನೂ ನೋಡಿ. ಕಾಗದ ಸರಿಸಿ ನೋಡಿ, ಮತ್ತೆ ಇಟ್ಟು ನೋಡಿ. ಪೆನ್ನಿನ ಅಂಚು ಚೂಪಾಗಿ ನಿಂತರೆ ಪೀಪ್ ಸೈಟ್ ನಿಮಗೆ ಆಗಿಬರುತ್ತದೆ. ಎರಡು ತೂತಿನಲ್ಲಿ ಯಾವುದು ಹಿತ ಅನಿಸಿತು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಏನು ಮಾಡಿದರೂ ಮಂಜು ಮಂಜಾಗಿದ್ದರೆ ಮೊದಲು ಕಣ್ಣಾಸ್ಪತ್ರೆಗೆ ಹೋಗಿ. ಪೊರೆ ಬಂದಿರಬಹುದು. ಅದಕ್ಕೆ ಯಾವ ಸೈಟೂ ಔಷಧಿಯಲ್ಲ. ಕನ್ನಡಕ ಇದ್ದವರು ದೂರದ ಕನ್ನಡಕದಲ್ಲೇ ಹೊಡೆಯಿರಿ. ಎರಡು ನಂಬರಿನ ಕನ್ನಡಕದಲ್ಲಿ ತಲೆ ಸ್ವಲ್ಪ ಅಲುಗಿದರೂ ನೋಟ ಬದಲಾಗುತ್ತದೆ.

ತೂತು ಎಷ್ಟು ದೊಡ್ಡದಿರಬೇಕು?

ಕೆಲಸಕ್ಕೆ ತಕ್ಕಂತೆ. ಕಾಗದದ ಗುರಿಗೆ, ಒಳ್ಳೆ ಬೆಳಕಿಗೆ, ನಿಧಾನಕ್ಕೆ ಹೊಡೆಯುವವರಿಗೆ 1 ರಿಂದ 1.5 ಮಿಲಿಮೀಟರ್. ಎಲ್ಲಕ್ಕೂ ಒಂದೇ ಬೇಕು ಅನ್ನುವವರಿಗೆ 2 ರಿಂದ 2.5. ಬೇಗ ಗುರಿ ಹಿಡಿಯಬೇಕು, ಬೆಳಕು ಕಡಿಮೆ ಅಂದರೆ 4 ರಿಂದ 5, ತೆಳು ಅಂಚಿನದು. ಇದನ್ನೇ ಘೋಸ್ಟ್ ರಿಂಗ್ ಅನ್ನುತ್ತಾರೆ.

ಅಂಗಡಿಯವರು ಹೇಳದ ಒಂದು ಮಾತಿದೆ. ಹಗಲು ಬೆಳಕಿನಲ್ಲಿ ಕಣ್ಣಿನ ಪಾಪೆ 2 ರಿಂದ 4 ಮಿಲಿಮೀಟರ್ ಇರುತ್ತದೆ. 5 ಮಿಲಿಮೀಟರ್ ತೂತು ಅದಕ್ಕಿಂತ ದೊಡ್ಡದು. ಹಾಗಾಗಿ ಘೋಸ್ಟ್ ರಿಂಗ್ ಕಣ್ಣನ್ನು ನಡುವಿಗೆ ತರುತ್ತದೆಯೇ ಹೊರತು ಮಸುಕನ್ನು ತೆಗೆಯುವುದಿಲ್ಲ. "ಪೀಪ್ ಹಾಕಿಸಿದೆ, ಆದ್ರೂ ಮುಂದಿನ ಸೈಟ್ ಮಸುಕೇ" ಅಂತ ಹೇಳುವವರ ಸೈಟ್ ನೋಡಿದರೆ ಬಹಳ ಸಲ ತೂತು ದೊಡ್ಡದಿರುತ್ತದೆ. ಕಣ್ಣಿನ ಸಲುವಾಗಿ ಪೀಪ್ ಹಾಕಿಸುವವರು ಘೋಸ್ಟ್ ರಿಂಗ್‌ನಿಂದ ಶುರು ಮಾಡಬೇಡಿ.

1 ಮಿಲಿಮೀಟರಿಗಿಂತ ಸಣ್ಣದಕ್ಕೂ ಇಳಿಯಬೇಡಿ. ಬೆಳಕು ಸಾಲುವುದಿಲ್ಲ, ಅಂಚುಗಳು ಮತ್ತೆ ಹರಡುತ್ತವೆ.

ಲೈಮನ್, ವಿಲಿಯಮ್ಸ್ ಕಂಪನಿಗಳ ಸೈಟ್‌ಗಳಲ್ಲಿ ತೂತು ಇರುವ ಬಿಲ್ಲೆಯನ್ನು, ಅಂದರೆ ಡಿಸ್ಕನ್ನು, ತಿರುಗಿಸಿ ಬಿಚ್ಚಬಹುದು. ಎರಡರ ಮರೆಯೂ (ಸ್ಕ್ರೂವಿನ ಸುರುಳಿ ಗೆರೆ) 7/32-40 ಅಳತೆಯದು, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಸಣ್ಣದೊಂದು, ನಡು ಅಳತೆಯದೊಂದು ಇಟ್ಟುಕೊಂಡರೆ ಸಾಕು. ಬೆಳಕು ತೀರಾ ಇಳಿದಾಗ ಡಿಸ್ಕ್ ಪೂರ್ತಿ ಬಿಚ್ಚಿ ಅದರ ದೊಡ್ಡ ಮರೆ ತೂತಿನಿಂದಲೇ ಗುರಿ ಇಡಬಹುದು.

ಟ್ಯಾಂಗ್ ಮೇಲೆ ಹಾಕಿಸಬೇಕಾ, ರಿಸೀವರ್ ಮೇಲೆ ಹಾಕಿಸಬೇಕಾ?

ಇಲ್ಲಿ ಬಂದೂಕೇ ಉತ್ತರ ಹೇಳುತ್ತದೆ.

ರಿಸೀವರ್ ಅಂದರೆ ನಳಿಗೆಯ ಹಿಂದೆ ಬಂದೂಕಿನ ಯಂತ್ರ ಕೂರುವ ಕಬ್ಬಿಣದ ಮೈ. ಟ್ಯಾಂಗ್ ಅಂದರೆ ಅದರ ಹಿಂದೆ ಹಿಡಿಯ ಮೇಲೆ ಚಾಚಿದ ಕಬ್ಬಿಣದ ಪಟ್ಟಿ. ಅಲ್ಲಿ ಕೂರುವ ಸೈಟ್ ಮಡಚುವ ಕಂಬದ ರೀತಿಯದು. ಕಣ್ಣಿಗೆ ಅತಿ ಹತ್ತಿರ, ಎರಡು ಸೈಟ್‌ಗಳ ಅಂತರ ಅತಿ ಜಾಸ್ತಿ. 1873, 1892, 1894ರ ಹಳೇ ವಿಂಚೆಸ್ಟರ್‌ಗಳಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ. ಟ್ಯಾಂಗ್‌ನಲ್ಲಿ ಕಾರ್ಖಾನೆಯೇ ಕೊರೆದ ತೂತು ಇದ್ದರೆ ಹೊಸದಾಗಿ ಏನನ್ನೂ ಕೊರೆಯಬೇಕಿಲ್ಲ. ತೊಂದರೆ ಎರಡು. ಹೆಬ್ಬೆರಳನ್ನು ಹಿಡಿಯ ಮೇಲಿಂದ ದಾಟಿಸಿ ಹಿಡಿಯುವವರಿಗೆ ಅಡ್ಡ ಬರುತ್ತದೆ. ಇನ್ನೊಂದು, ಜಾಸ್ತಿ ಒದೆಯುವ ಬಂದೂಕಿನಲ್ಲಿ ಕಂಬ ಕಣ್ಣಿಗೆ ಬಡಿಯಬಹುದು. .44-40 ತೋಟಾದ ಒದೆತ ಮೃದು, ಭಯವಿಲ್ಲ. ಜೋರಾಗಿ ಒದೆಯುವ .45-70 ತೋಟಾದ ಬಂದೂಕಿಗೆ ಟ್ಯಾಂಗ್ ಸೈಟ್ ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಇತ್ತೀಚಿನ ಕೆಲವು ವಿಂಚೆಸ್ಟರ್‌ಗಳಲ್ಲಿ ಟ್ಯಾಂಗ್ ಮೇಲೆಯೇ ಸೇಫ್ಟಿ ಗುಂಡಿ ಇದೆ, ಅಲ್ಲಿ ಜಾಗವೇ ಇಲ್ಲ.

ರಿಸೀವರ್ ಸೈಟ್ ಮೈಗಂಟಿಕೊಂಡು ಕೂರುತ್ತದೆ. ಹಳೇ ವಿಂಚೆಸ್ಟರ್ 94ರ ಬೆನ್ನು ತೆರೆದಿರುವುದರಿಂದ ಸೈಟ್ ಎಡಗಡೆ ಪಕ್ಕೆಗೆ ಕೂತು, ಒಂದು ತೋಳು ಮೇಲೆ ಬಂದು ತೂತನ್ನು ನಡುವಿಗೆ ಹಿಡಿಯುತ್ತದೆ. ಎರಡನೇ ಮಹಾಯುದ್ಧದ ನಂತರದ ಅನೇಕ ವಿಂಚೆಸ್ಟರ್ 94ಗಳಲ್ಲಿ ಎಡಪಕ್ಕೆಯ ಹಿಂಭಾಗದಲ್ಲಿ ಎರಡು ಸಣ್ಣ ಸ್ಕ್ರೂ ಕಾಣುತ್ತವೆ. ಅವು ಇರುವುದೇ ಇದಕ್ಕಾಗಿ. ಮೊದಲು ಅವನ್ನು ಹುಡುಕಿ. ಧೂಳು, ಹಳೇ ಎಣ್ಣೆ ಸೇರಿ ಮುಚ್ಚಿಹೋಗಿರುತ್ತವೆ. ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಉಜ್ಜಿದರೆ ಸ್ಕ್ರೂ ತಲೆಯ ಗೆರೆ ಕಾಣುತ್ತದೆ.

ಮಾರ್ಲಿನ್ 336 ಇದ್ದವರಿಗೆ ಕೆಲಸ ಸುಲಭ. ಬೆನ್ನು ಸಪಾಟು, 1950ರ ದಶಕದ ನಂತರದ ಹೆಚ್ಚಿನವುಗಳಲ್ಲಿ ಸ್ಕೋಪ್‌ಗಾಗಿ ಕೊರೆದ ತೂತುಗಳಿವೆ. ಸ್ಕಿನ್ನರ್, ಎಕ್ಸ್‌ಎಸ್ ಸೈಟ್‌ಗಳು ಅದೇ ತೂತುಗಳಲ್ಲಿ ತಗ್ಗಾಗಿ ಕೂರುತ್ತವೆ. ಅಮೆರಿಕದಿಂದ ಕೇಳುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಸ್ಕ್ರೂಡ್ರೈವರ್ ಸಾಕು, ಯಾರ ಹತ್ತಿರವೂ ಹೋಗಬೇಕಿಲ್ಲ.

ತಿರುಗಿಸುವ ಗುಂಡಿ ಇರುವ ಸೈಟ್ ಒಳ್ಳೇದಾ, ಒಮ್ಮೆ ಬಿಗಿದು ಬಿಡುವುದು ಒಳ್ಳೇದಾ?

ಒಂದೇ ಬಗೆಯ ತೋಟಾ, ಒಂದೇ ದೂರ ಅಂದರೆ ಬಿಗಿದು ಬಿಡುವುದೇ ಒಳ್ಳೇದು. ಗುಂಡಿ ಇದ್ದರೆ ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ. ದೂರ ಬದಲಿಸುತ್ತಾ ಹೊಡೆಯುವವರಿಗೆ ಮಾತ್ರ ಗುಂಡಿ ಬೇಕು.

ಮುಂದಿನ ಸೈಟ್ ಹಳೆಯದೇ ನಡೆಯುತ್ತದಾ?

ಬಹಳ ಸಲ ನಡೆಯುವುದಿಲ್ಲ. ಹಣ ಖರ್ಚು ಮಾಡಿ ನಿರಾಸೆಯಾಗುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಪೀಪ್ ಸೈಟ್ ಹಳೇ ಕಚ್ಚಿಗಿಂತ ಎತ್ತರದಲ್ಲಿ ಕೂರುತ್ತದೆ. ಹಿಂದೆ ಎತ್ತರವಾಯಿತು, ಮುಂದೆ ಹಾಗೇ ಇದೆ ಅಂದರೆ ಗುಂಡು ಮೇಲೆ ಹೋಗುತ್ತದೆ. ಸೈಟನ್ನು ಪೂರ್ತಿ ಕೆಳಗಿಳಿಸಿದರೂ ಗುಂಡು ಮೇಲೆಯೇ ಬಿದ್ದರೆ ಮುಂದಿನ ಸೈಟ್ ಎತ್ತರವಾಗಬೇಕು.

ಎಷ್ಟು ಎತ್ತರ? ಲೆಕ್ಕ ಸರಳ. ಗುಂಡು ಎಷ್ಟು ತಪ್ಪಿತೋ ಅದನ್ನು ಎರಡು ಸೈಟ್‌ಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಎಲ್ಲವೂ ಮಿಲಿಮೀಟರ್‌ನಲ್ಲಿರಲಿ. 50 ಮೀಟರಿನಲ್ಲಿ 15 ಸೆಂಟಿಮೀಟರ್ ಮೇಲೆ ಬಿತ್ತು, ಸೈಟ್‌ಗಳ ಅಂತರ 60 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 150 ಗುಣಿಸು 600, ಭಾಗಿಸು 50,000. ಬರುವುದು 1.8. ಮುಂದಿನ ಸೈಟ್ 1.8 ಮಿಲಿಮೀಟರ್ ಎತ್ತರವಾಗಬೇಕು. ಕ್ಯಾಲಿಪರ್‌ನಿಂದ ಹಳೆಯದನ್ನು ಅಳೆದು, ಅಷ್ಟು ಕೂಡಿಸಿ ಹೊಸದನ್ನು ಹೇಳಿ ತರಿಸಿ. ಸಂದೇಹ ಇದ್ದರೆ ಸ್ವಲ್ಪ ಎತ್ತರದ್ದನ್ನೇ ತರಿಸಿ. ಅರದಿಂದ ಉಜ್ಜಿ ತಗ್ಗಿಸಬಹುದು, ಉಜ್ಜಿದ್ದನ್ನು ಬೆಳೆಸಲಾಗದು.

ಆಕಾರದ ಮಾತು ಹೇಳುವುದಾದರೆ, ಹಳೇ ರೈಫಲ್‌ಗಳಲ್ಲಿ ಹಿತ್ತಾಳೆ ಅಥವಾ ದಂತದ ದುಂಡು ಮಣಿ ಇರುತ್ತದೆ. ನೋಡಲು ಚೆಂದ. ಆದರೆ 2.4 ಮಿಲಿಮೀಟರ್ ಮಣಿ 100 ಮೀಟರ್ ದೂರದಲ್ಲಿ ಸುಮಾರು 34 ಸೆಂಟಿಮೀಟರ್ ಅಗಲವನ್ನು ಮುಚ್ಚಿಬಿಡುತ್ತದೆ. 1.6 ಮಿಲಿಮೀಟರಿನದ್ದು ಸುಮಾರು 23 ಸೆಂಟಿಮೀಟರ್ ಮುಚ್ಚುತ್ತದೆ. ಹೊಳೆಯುವ ಮಣಿಗೆ ಇನ್ನೊಂದು ಕೆಟ್ಟ ಗುಣ: ಬಿಸಿಲು ಬಲಗಡೆ ಇದ್ದರೆ ಬಲಬದಿಯೇ ಹೊಳೆಯುತ್ತದೆ, ಕಣ್ಣು ಅದನ್ನೇ ನಡು ಅಂದುಕೊಳ್ಳುತ್ತದೆ, ಗುಂಡು ಎಡಕ್ಕೆ ಹೋಗುತ್ತದೆ. ಕಾಗದದ ಗುರಿಗೆ ನನ್ನ ಆಯ್ಕೆ ಸಪಾಟು ತಲೆಯ ಕಪ್ಪು ಪಟ್ಟಿ. ಅದರ ತಲೆಯ ಗೆರೆ ನೇರ, ಎತ್ತರದಲ್ಲಿ ಮೋಸ ಇಲ್ಲ.

ಸೊನ್ನೆ ಮಾಡುವುದು, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು, ಹೇಗೆ? ತೋಟಾ ಸಿಗುವುದೇ ಕಷ್ಟ.

ಅದಕ್ಕೇ ನಮ್ಮ ಕಡೆ ಲೆಕ್ಕ ಮುಖ್ಯ. ಅಮೆರಿಕದಲ್ಲಿ ಒಂದು ಪೆಟ್ಟಿಗೆ ತೋಟಾ ಹೊಡೆದು ನೋಡುತ್ತಾರೆ. ಇಲ್ಲಿ ಹಳೇ ಅಳತೆಯ ತೋಟಾ ಸಿಗುವುದೇ ಅಪರೂಪ. ಎಷ್ಟು ಕೊಳ್ಳಬಹುದು ಅನ್ನುವ ಮಿತಿ ಲೈಸೆನ್ಸಿನಲ್ಲೇ ಇರುತ್ತದೆ.

ರೇಂಜ್‌ಗೆ ಹೋಗುವ ಮೊದಲೇ ಸೈಟ್‌ಗಳ ಅಂತರವನ್ನು ಟೇಪ್‌ನಿಂದ ಅಳೆದು ಬರೆದುಕೊಳ್ಳಿ. 60 ಸೆಂಟಿಮೀಟರ್ ಇದ್ದರೆ ಹಿಂದಿನ ಸೈಟ್ 1 ಮಿಲಿಮೀಟರ್ ಸರಿದಾಗ ಗುಂಡು 25 ಮೀಟರಿನಲ್ಲಿ 4.2, 50 ಮೀಟರಿನಲ್ಲಿ 8.3, 100 ಮೀಟರಿನಲ್ಲಿ 16.7 ಸೆಂಟಿಮೀಟರ್ ಸರಿಯುತ್ತದೆ. ಈ ಮೂರು ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಶುರು ಮಾಡುವುದು 25 ಮೀಟರಿನಿಂದ. ಮರಳು ಚೀಲದ ಮೇಲೆ ಮುಂಗೈ ಇಡಿ, ನಳಿಗೆಯನ್ನು ಚೀಲಕ್ಕೆ ತಾಗಿಸಬೇಡಿ. ಮೂರು ಗುಂಡು ಹೊಡೆಯಿರಿ. ಒಂದೇ ಗುಂಡು ನೋಡಿ ಸೈಟ್ ತಿರುಗಿಸಬೇಡಿ. ಮೂರರ ನಡುಬಿಂದು ಎಲ್ಲಿದೆ ಅಂತ ಅಳೆದು, ಲೆಕ್ಕ ಹಾಕಿ, ಒಂದೇ ಸಲ ಸರಿಸಿ. ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಬೇಕು. ಮುಂದಿನದನ್ನು ಅದಕ್ಕೆ ಎದುರು ದಿಕ್ಕಿಗೆ. ಆಮೇಲೆ 50ಕ್ಕೆ ಹೋಗಿ. ಲೆಕ್ಕ ಸರಿ ಇದ್ದರೆ ಕೆಲವೇ ತೋಟಾಗಳಲ್ಲಿ ಕೆಲಸ ಮುಗಿಯುತ್ತದೆ.

ಕೊಳವೆ ಮ್ಯಾಗಜಿನ್ ಇರುವ ರೈಫಲ್‌ನಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನ ಗುಂಡಿನ ಮೂಗು ಮುಂದಿನ ತೋಟಾದ ಕ್ಯಾಪ್‌ಗೆ (ಬಡಿದರೆ ಸಿಡಿಯುವ ಭಾಗ) ತಾಗಿರುತ್ತದೆ. ಚೂಪು ಮೂಗಿನ ಲೋಹದ ಗುಂಡನ್ನು ಅಲ್ಲಿ ತುಂಬಲೇಬಾರದು. ಸೈಟಿನ ವಿಷಯ ಅಲ್ಲದಿದ್ದರೂ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ವಿಜಯಪುರದ ಬಿಸಿಲು, ಬೆಳಗಾವಿ ಮಳೆ: ಎರಡಕ್ಕೂ ಒಂದೇ ಸೈಟ್ ಆಗುತ್ತದಾ?

ಸೈಟ್ ಒಂದೇ, ಡಿಸ್ಕ್ ಬೇರೆ. ಏಪ್ರಿಲ್‌ನಲ್ಲಿ ವಿಜಯಪುರದ ಬಯಲಿನಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಅಗಲ ಡಿಸ್ಕ್, ಸಣ್ಣ ತೂತು ಹಾಕಿ. ಅಗಲ ಡಿಸ್ಕ್ ಸುತ್ತಲಿನ ಪ್ರಖರತೆಯನ್ನು ತಡೆಯುತ್ತದೆ. ತುದಿಯ ಸೈಟ್ ಹೊಳೆಯುತ್ತಿದ್ದರೆ ಕರ್ಪೂರದ ಮಸಿ ಹಿಡಿಸಿ. ಒಂದು ಬಿಲ್ಲೆ ಕರ್ಪೂರ ಹಚ್ಚಿ ಅದರ ಹೊಗೆಯ ಮೇಲೆ ಸೈಟ್ ಹಿಡಿದರೆ ಸಾಕು. ಎಣ್ಣೆ ಒರೆಸಿದ ಲೋಹದ ಮೇಲೆ ಮಸಿ ಮಖಮಲ್ಲಿನಷ್ಟು ಕಪ್ಪಾಗಿ ಕೂರುತ್ತದೆ. ಬಂದೂಕು ಖಾಲಿ ಇರಲಿ, ತೋಟಾ ಇನ್ನೊಂದು ಕೋಣೆಯಲ್ಲಿರಲಿ. ಕೈ ತಾಗಿದರೆ ಮಸಿ ಹೋಗುತ್ತದೆ, ಅಂದಂದಿಗೆ ಹೊಸದಾಗಿ ಹಿಡಿಸಬೇಕು.

ಜುಲೈಯಲ್ಲಿ ಬೆಳಗಾವಿಯ ಕಥೆ ಬೇರೆ. 1 ಮಿಲಿಮೀಟರ್ ತೂತಿಗೆ ಮಳೆಹನಿ ಬಿದ್ದರೆ ಅದು ಜಾರಿ ಕೆಳಗಿಳಿಯುವುದಿಲ್ಲ. ಪೊರೆಯಾಗಿ ಅಲ್ಲೇ ನಿಲ್ಲುತ್ತದೆ. ಆಚೆ ಕಾಣುವುದೆಲ್ಲ ಅಲುಗಾಡುವ ಬೆಳಕು ಮಾತ್ರ. ಬಾಯಿಂದ ಜೋರಾಗಿ ಊದಿ. ಮತ್ತೆ ಮತ್ತೆ ಹೀಗಾದರೆ ದೊಡ್ಡ ಡಿಸ್ಕ್ ಹಾಕಿ, 3 ಮಿಲಿಮೀಟರ್ ದಾಟಿದ ತೂತಿನಲ್ಲಿ ನೀರು ಅಷ್ಟಾಗಿ ನಿಲ್ಲುವುದಿಲ್ಲ. ಬಾಗಲಕೋಟೆ ಕಡೆ ಎರೆಮಣ್ಣಿನ ಧೂಳು. ಎಣ್ಣೆ ಜಾಸ್ತಿ ಹಚ್ಚಿದ ಸೈಟ್‌ಗೆ ಅದು ಮೆತ್ತಿಕೊಳ್ಳುತ್ತದೆ. ಎಣ್ಣೆ ಹಚ್ಚಿ, ಆಮೇಲೆ ಒಣಬಟ್ಟೆಯಿಂದ ಒರೆಸಿ.

ಅಜ್ಜನ ಬಂದೂಕಿಗೆ ತೂತು ಕೊರೆಸಿ ಹಾಕಿಸಬಹುದಾ? ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಒಳ್ಳೇ ಲೇಥ್ ಇದೆ.

ಉದ್ಯಮಬಾಗದ ಟರ್ನರ್‌ಗಳ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಬಂದೂಕನ್ನು ಅಲ್ಲಿಗೆ ಒಯ್ಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕಿನ ರಿಪೇರಿಗೂ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದ ವರ್ಕ್‌ಶಾಪ್‌ನಲ್ಲಿ ನಿಮ್ಮ ರೈಫಲ್ ಸಿಕ್ಕರೆ ನಿಮಗೂ ತೊಂದರೆ, ಪಾಪ ಅವನಿಗೂ ತೊಂದರೆ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಿ. ಶಸ್ತ್ರ ಕಸಿಯುವ ಕಾನೂನಿನ ವಿರುದ್ಧ 1857ರಲ್ಲಿ ಹಲಗಲಿಯ ಬೇಡರು ಪ್ರಾಣ ಕೊಟ್ಟ ನೆಲ ಇದು. ನಮ್ಮ ಜನಕ್ಕೆ ಬಂದೂಕಿನ ಜೊತೆ ಇರುವ ನಂಟು ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಹೇಳುತ್ತೇನೆ, ಮನೆತನದ ಬಂದೂಕನ್ನು ಕಾಗದಪತ್ರದ ತಪ್ಪಿಗೆ ಕಳೆದುಕೊಳ್ಳಬೇಡಿ.

ಇನ್ನು ಕೊರೆಯುವ ಮಾತು. ಮಹಾಯುದ್ಧಕ್ಕಿಂತ ಮೊದಲಿನ ವಿಂಚೆಸ್ಟರ್, ಯಾರೂ ಕೈ ಹಚ್ಚದ್ದು ಅಂದರೆ ಕೊರೆಸಲೇಬೇಡಿ. ಕಾರ್ಖಾನೆಯ ಮೈ ಒಮ್ಮೆ ಹೋದರೆ ಹೋಯಿತು. ಟ್ಯಾಂಗ್‌ನಲ್ಲಿ ತೂತು ಇದ್ದರೆ ಟ್ಯಾಂಗ್ ಸೈಟ್. ಅದೂ ಇಲ್ಲದಿದ್ದರೆ ನಳಿಗೆಯ ಮೇಲೆ ಹಳೇ ಕಚ್ಚು ಕೂರುವ ಅಡ್ಡ ತೋಡಿನಲ್ಲೇ ಕೂರುವ ಪೀಪ್ ಸಿಗುತ್ತದೆ. ಕಣ್ಣಿನಿಂದ ದೂರ ಆಗುತ್ತದೆ, ಲಾಭ ಅರ್ಧವೇ. ಆದರೆ ಬಂದೂಕಿಗೆ ಗಾಯ ಇಲ್ಲ.

ಮಗ ರಜೆಗೆ ಬರುವಾಗ ಅಮೆರಿಕದಿಂದ ಸೈಟ್ ತರಬಹುದಾ?

ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವುದು ಬೇಡ. ಬಂದೂಕಿನ ಬಿಡಿಭಾಗಗಳ ಆಮದಿಗೆ ನಮ್ಮಲ್ಲಿ ನಿಯಮ ಇದೆ, ಅಲ್ಲಿಂದ ಹೊರಗೆ ಕಳಿಸಲೂ ನಿಯಮ ಇದೆ. ಲೈಸೆನ್ಸ್ ಇರುವ ಡೀಲರ್ ಹತ್ತಿರ ಮೊದಲು ಮಾತಾಡಿ, ಅವರ ಮೂಲಕವೇ ತರಿಸಿ.

ಇದರಿಂದ ಬೇಟೆಯಾಡಬಹುದಾ?

ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ. ಅಮೆರಿಕದ ಪುಸ್ತಕಗಳಲ್ಲಿ ಜಿಂಕೆ ಬೇಟೆಗೆ ಯಾವ ಸೈಟ್ ಅಂತ ಪುಟಗಟ್ಟಲೆ ಇರುತ್ತದೆ. ನಮಗೆ ಬೇಕಾದದ್ದು ಕಾಗದದ ಗುರಿಯ ಸೈಟ್. ಆರಿಸುವಾಗ ಇದನ್ನು ನೆನಪಿಡಿ, ಅವರ ಸಲಹೆ ನಮಗೆ ಹಾಗ್ಹಾಗೇ ಹೊಂದುವುದಿಲ್ಲ.

ನನ್ನ ಹತ್ತಿರ ಲಿವರ್ ಆಕ್ಷನ್ ಇಲ್ಲ. ಪೀಪ್ ಸೈಟ್ ಕಲಿಯಬೇಕು ಅಂದರೆ?

ಏರ್ ರೈಫಲ್ ಕ್ಲಬ್ಬಿಗೆ ಸೇರಿ. 10 ಮೀಟರ್ ಸ್ಪರ್ಧೆಯ ರೈಫಲ್‌ಗಳೆಲ್ಲ ಪೀಪ್ ಸೈಟಿನವೇ. ಗುರಿಯ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದಕ್ಕೆ ಸ್ಕೋಪ್ ಇಲ್ಲದೆ ಹೊಡೆಯುತ್ತಾರೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥ ಸೈಟಿನಲ್ಲೇ. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳಲ್ಲಿ ಕಂಚು ತಂದದ್ದೂ ಇಂಥದ್ದರಲ್ಲೇ. ಕೊಲ್ಹಾಪುರ ಬೆಳಗಾವಿಯಿಂದ ಎರಡು ತಾಸಿನ ದಾರಿ. ನಮ್ಮ ಹುಡುಗ ಹುಡುಗಿಯರು ಇದನ್ನು ನೋಡಿ ಕಲಿಯಬೇಕು ಅನ್ನುವುದು ನನ್ನ ಆಸೆ.

ಆ ಸ್ಪರ್ಧೆಯ ರೈಫಲ್‌ಗಳಲ್ಲಿ ಮುಂದಿನ ಸೈಟ್ ಕೂಡ ಉಂಗುರ. ತೂತಿನೊಳಗೆ ಉಂಗುರ, ಉಂಗುರದೊಳಗೆ ಕಪ್ಪು ಗುರಿ. ಎಲ್ಲದರ ಸುತ್ತ ಬೆಳಕಿನ ಬಳೆ ಸಮ ಇದ್ದರೆ ಗುಂಡು ನಡುವಿಗೆ ಹೋಗುತ್ತದೆ. ಇದನ್ನು ಒಂದು ಋತು ಅಭ್ಯಾಸ ಮಾಡಿದವರಿಗೆ ಲಿವರ್ ಆಕ್ಷನ್‌ನ ಪೀಪ್ ಸುಲಭ.

ನಿಗಾ ಹೇಗೆ?

ಎರಡು ವಿಷಯ. ಒದೆತಕ್ಕೆ ಸ್ಕ್ರೂಗಳು ಸಡಿಲಾಗುತ್ತವೆ. ಕೂರಿಸುವಾಗ ಎಣ್ಣೆ ಒರೆಸಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಹಿಡಿದಿಡುವ ಅಂಟು) ಒಂದು ಹನಿ ಹಾಕಿ. ಕೆಂಪು ಹಾಕಿದರೆ ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಸರಿಯಾದ ಜಾಗಕ್ಕೆ ಬಂದ ಮೇಲೆ ಸೈಟಿನ ಮೇಲೆ ಸೂಜಿಯಿಂದ ಸಣ್ಣ ಗೆರೆ ಎಳೆದಿಡಿ, ಸರಿದರೆ ತಕ್ಷಣ ಕಾಣುತ್ತದೆ.

ಇನ್ನೊಂದು ಖಂಡೇನವಮಿ. ಬಂದೂಕು ಕೆಳಗಿಳಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಮಾಡಲೇಬೇಕು. ಆದರೆ ಒದ್ದೆ ಕುಂಕುಮ ಡಿಸ್ಕ್‌ನ ಮರೆಗೆ ಇಳಿದರೆ ದೀಪಾವಳಿಯೊಳಗೆ ತುಕ್ಕು ಹಿಡಿದು ಡಿಸ್ಕ್ ತಿರುಗುವುದಿಲ್ಲ. ಕುಂಕುಮವನ್ನು ಹಿಡಿಯ ಕಟ್ಟಿಗೆಗೆ ಹಚ್ಚಿ. ಸೈಟಿನ ಮೇಲೆ ಒಂದು ಹೂವಿಟ್ಟರೆ ಸಾಕು. ಮರುದಿನ ಬನ್ನಿ ಹಂಚಿ ಬಂದ ಮೇಲೆ ಡಿಸ್ಕ್ ಬಿಚ್ಚಿ, ಒರೆಸಿ, ಒಂದು ಹನಿ ಎಣ್ಣೆ ಹಾಕಿ ಮತ್ತೆ ಕೂರಿಸಿ.

ಪೀಪ್ ಹಾಕಿಸಿದ ಮೇಲೆ ನಳಿಗೆ ಮೇಲಿನ ಹಳೇ ಕಚ್ಚು ಹಾಗೇ ಇರಲಾ?

ತೆಗೆಸಿ. ತೂತಿನೊಳಗಿಂದ ನೋಡುವಾಗ ಅದು ತುದಿಯ ಸೈಟ್‌ನ ಕೆಳಗೆ ಮಸುಕಾಗಿ ಎದ್ದು ನಿಲ್ಲುತ್ತದೆ, ಕಣ್ಣು ಅದರ ಕಡೆಗೂ ಓಡುತ್ತದೆ. ಖಾಲಿ ಆದ ಅಡ್ಡ ತೋಡನ್ನು ಮುಚ್ಚುವ ಕಬ್ಬಿಣದ ತುಂಡು ಸಿಗುತ್ತದೆ, ಹೆಚ್ಚಿನ ವಿಂಚೆಸ್ಟರ್, ಮಾರ್ಲಿನ್‌ಗಳಲ್ಲಿ ಅದರ ಅಳತೆ 3/8 ಇಂಚು. ಕಚ್ಚನ್ನು ಹೊಡೆದು ತೆಗೆಯುವಾಗ ಎಡದಿಂದ ಬಲಕ್ಕೆ ಹೊಡೆಯಬೇಕು, ಹಾಕುವಾಗ ಬಲದಿಂದ ಎಡಕ್ಕೆ. ಹಿತ್ತಾಳೆ ಕಡ್ಡಿ ಬಳಸಿ, ಕಬ್ಬಿಣದ್ದು ಬೇಡ. ತೆಗೆದ ಹಳೇ ಕಚ್ಚು, ಅದರ ಸ್ಕ್ರೂ, ಹಳೇ ಮುಂದಿನ ಸೈಟ್ ಇವನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿಗೆ ಹಾಕಿ, ಮೇಲೆ ರೈಫಲ್‌ನ ನಂಬರ್ ಬರೆದಿಡಿ. ಮುಂದೆ ಯಾರಾದರೂ ಬಂದೂಕನ್ನು ಮೊದಲಿನ ಹಾಗೆ ಮಾಡಬೇಕು ಅಂದರೆ ಅವರಿಗೆ ಬೇಕಾಗುತ್ತದೆ.